ಪಾಟೀಸವಾಲು ಕಾಣದ ಸಾಕ್ಷ್ಯಚಿತ್ರ

ತಮ್ಮನ ಮಗಳು ಪಿಯುಸಿ ಓದುತ್ತಾಳೆ. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮಾಗಡಿಯ ನಮ್ಮ ಮನೆಯ ಜಗಲಿ ಮೇಲೆ ಕಾಲು ನೀಡಿ ಕೂತು, ಫೋನಿನಲ್ಲಿ ಬಿಟಿಎಸ್ ಎಂಬ ಕೊರಿಯಾದ ಪಾಪ್ ತಂಡದ ಸಾಕ್ಷ್ಯಚಿತ್ರ ನೋಡುತ್ತಿದ್ದಳು. ಏಳು ಹುಡುಗರ ತಂಡ ಅದು. ಅವರ ಹೆಸರು, ಹುಟ್ಟಿದ ದಿನ, ಯಾರಿಗೆ ಯಾವ ತಿಂಡಿ ಇಷ್ಟ ಎಂಬುದೆಲ್ಲ ಇವಳಿಗೆ ಬಾಯಿಪಾಠ. ಒಂದು ಕಡೆ ಚಿತ್ರವನ್ನು ನಿಲ್ಲಿಸಿ ಫೋನನ್ನು ನನ್ನತ್ತ ತಿರುಗಿಸಿದಳು. 2017ರಲ್ಲಿ ಚಿಲಿ ದೇಶದಲ್ಲಿ ನಡೆದ ಕಾರ್ಯಕ್ರಮ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು ಜಂಗ್‌ಕುಕ್, ಆಗ ಅವನಿಗೆ ಹತ್ತೊಂಬತ್ತು. ವೇದಿಕೆಯಲ್ಲಿ ಕುಣಿದು ಬಂದವನು ಹಿಂದುಗಡೆ ಕುಸಿದಿದ್ದಾನೆ, ಸುತ್ತ ಜನ ಆರೈಕೆ ಮಾಡುತ್ತಿದ್ದಾರೆ.

“ದೊಡ್ಡಪ್ಪ, ಇದು ನಿಜಾನಾ, ಇಲ್ಲ ಸಿನ್ಮಾಕ್ಕೇಂತ ಮಾಡ್ಸಿದ್ದಾ?”

“ನಿಜಾನೇ ಇರ್ಬೇಕು ಕಣವ್ವ” ಅಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. “ನಿಜ ಆದ್ರೆ ಇದನ್ನ ಯಾಕೆ ತೋರಿಸ್ತಾರೆ? ಅವ್ರ ಕಂಪನಿಗೇ ಕೆಟ್ಟ ಹೆಸ್ರು ಬರಲ್ವಾ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಅಂದಿನಿಂದ ಇಂಥ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದೆ. ನನಗೆ ತಿಳಿದದ್ದನ್ನು ಅವಳಿಗೂ, ಅವಳ ವಾರಿಗೆಯ ಮಕ್ಕಳಿಗೂ, ಆ ಮಕ್ಕಳ ತಂದೆತಾಯಿಗಳಿಗೂ ಹೇಳಬೇಕು ಅನಿಸಿದೆ.

ಮೊದಲು ಆ ಪದವನ್ನೇ ನೋಡಿ. ಸಾಕ್ಷ್ಯಚಿತ್ರ. ಈ ಪದವನ್ನು ಕಟ್ಟಿದವರು ಅದರೊಳಗೆ ಕೋರ್ಟನ್ನೇ ತಂದು ಕೂರಿಸಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಜಮೀನಿನ ವ್ಯಾಜ್ಯ ಕಾಣದ ಮನೆ ಕಡಿಮೆ, ಹಾಗಾಗಿ ಸಾಕ್ಷಿ ಎಂದರೇನು ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಾಕ್ಷಿ ಕಟಕಟೆ ಹತ್ತಿದ ಮೇಲೆ ಮೊದಲು ಮುಖ್ಯ ವಿಚಾರಣೆ. ಕರೆಸಿದ ಕಡೆಯ ವಕೀಲರು ಕೇಳುತ್ತಾರೆ, ಅವನು ಹೇಳುತ್ತಾನೆ. ಅಲ್ಲಿ ಎಲ್ಲವೂ ಸಲೀಸು. ಆಮೇಲೆ ಎದುರು ಪಕ್ಷದವರು ಎದ್ದು ನಿಲ್ಲುತ್ತಾರೆ, ಪಾಟೀಸವಾಲು ಶುರುವಾಗುತ್ತದೆ. ಅವತ್ತು ನೀನು ಎಲ್ಲಿದ್ದೆ, ನಿನ್ನನ್ನು ಕರೆತಂದವರು ಯಾರು, ಬಸ್ಸಿನ ಚಾರ್ಜು ಕೊಟ್ಟವರು ಯಾರು? ಸಾಕ್ಷಿಯ ಮಾತಿಗೆ ಬೆಲೆ ಬರುವುದು ಅದನ್ನು ದಾಟಿ ಬಂದಾಗ. ಪಾಪ್ ತಂಡಗಳ ಸಾಕ್ಷ್ಯಚಿತ್ರಗಳಲ್ಲಿ ಬಹುಪಾಲು ಮುಖ್ಯ ವಿಚಾರಣೆಗೇ ಮುಗಿದುಹೋಗುತ್ತವೆ. ಅವುಗಳಲ್ಲಿ ಸುಳ್ಳು ಇರಬೇಕೆಂದೇನಿಲ್ಲ. ಎದುರು ಪಕ್ಷದವರು ಎದ್ದು ನಿಲ್ಲುವುದಿಲ್ಲ, ಅಷ್ಟೇ.

ಮಗು ತೋರಿಸಿದ ‘ಬರ್ನ್ ದಿ ಸ್ಟೇಜ್’ ಸರಣಿ ಬಂದದ್ದು 2018ರಲ್ಲಿ. ಅದೇ ವರ್ಷ ಸಿನಿಮಾ ರೂಪದಲ್ಲೂ ಬಂತು. 2019ರಲ್ಲಿ ‘ಬ್ರಿಂಗ್ ದಿ ಸೋಲ್’, 2020ರಲ್ಲಿ ‘ಬ್ರೇಕ್ ದಿ ಸೈಲೆನ್ಸ್’. ಇವುಗಳ ಹಿಂದೆ ಇದ್ದದ್ದು ಆ ಹುಡುಗರನ್ನು ಬೆಳೆಸಿದ, ಅವರ ಒಪ್ಪಂದಗಳನ್ನು ಕೈಯಲ್ಲಿಟ್ಟುಕೊಂಡ ಬಿಗ್ ಹಿಟ್ ಕಂಪನಿಯೇ. ಚಿಲಿಯಲ್ಲಿ ಹುಡುಗ ಕುಸಿದದ್ದು ನಿಜ. ಆದರೆ ಆ ದೃಶ್ಯವನ್ನು ನೋಡುವವರ ಮನಸ್ಸಿನಲ್ಲಿ ಏಳುವ ಭಾವನೆ ಯಾವುದು? ನಮಗಾಗಿ ಎಷ್ಟು ಕಷ್ಟಪಡುತ್ತಾನೆ ಪಾಪ, ಎಂಬ ಕರುಳಿನ ಸಂಕಟ. ಅಷ್ಟು ಊರುಗಳನ್ನು ಅಷ್ಟು ದಿನಗಳಲ್ಲಿ ಸುತ್ತುವ ಪಟ್ಟಿ ಬರೆದವರು ಯಾರು, ನಡುವೆ ಒಂದು ದಿನ ಬಿಡುವು ಕೊಡಲು ಆಗುತ್ತಿರಲಿಲ್ಲವೆ ಎಂದು ಚಿತ್ರ ಕೇಳುವುದಿಲ್ಲ. ಉತ್ತರ ಕೊಡಬೇಕಾದವರೇ ದುಡ್ಡು ಹಾಕಿರುವಾಗ ಕೇಳುವುದು ಹೇಗೆ? ದಣಿವಿನ ದೃಶ್ಯ ಕಂಪನಿಗೆ ಕೆಟ್ಟ ಹೆಸರು ತರುವ ಬದಲು ಅಭಿಮಾನಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುತ್ತದೆ. ತಮ್ಮನ ಮಗಳ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಮುಂದಿನ ಕಥೆಯನ್ನೂ ಹೇಳಬೇಕು. 2022ರ ಜೂನ್ 14ರಂದು ಅದೇ ಏಳು ಜನ ಊಟದ ಮೇಜಿನ ಸುತ್ತ ಕೂತು ಮಾತಾಡಿದ ವಿಡಿಯೊ ಅವರದೇ ಯೂಟ್ಯೂಬ್ ಚಾನೆಲ್ಲಿನಲ್ಲಿ ಬಂತು. ಈ ವ್ಯವಸ್ಥೆ ಮನುಷ್ಯನಿಗೆ ಬೆಳೆಯಲು ಪುರುಸೊತ್ತು ಕೊಡುವುದಿಲ್ಲ, ತಾನು ದಣಿದಿದ್ದೇನೆ ಎಂಬ ಅರ್ಥದ ಮಾತುಗಳನ್ನು ತಂಡದ ನಾಯಕ ಆರ್‌ಎಂ ಆಡಿದ. ತಂಡದ ಕೆಲಸಕ್ಕೆ ಬಿಡುವು ಕೊಟ್ಟು ಒಬ್ಬೊಬ್ಬರೂ ತಮ್ಮ ತಮ್ಮ ದಾರಿ ನೋಡುತ್ತೇವೆಂದರು. ಮರುದಿನ ಕಂಪನಿಯ ಷೇರು ಸುಮಾರು ಕಾಲು ಭಾಗದಷ್ಟು ಕುಸಿಯಿತು. ಮೂರು ಸಿನಿಮಾಗಳು ಬಾಯಿಬಿಟ್ಟು ಹೇಳದ್ದನ್ನು ಒಂದು ಊಟದ ಮೇಜು ಹೇಳಿತು. ಅದೂ ಪ್ರಚಾರದ ಚಾನೆಲ್ಲಿನಲ್ಲೇ. ಪ್ರಚಾರದ ಜಾಗದಲ್ಲಿ ಸತ್ಯ ಹುಟ್ಟುವುದೇ ಇಲ್ಲ ಎಂದು ಹೇಳಿಬಿಡಲು ನನಗೆ ಧೈರ್ಯ ಬಾರದಿರುವುದು ಇದರಿಂದಲೇ.

ಅಮೆರಿಕದ ಗಾಯಕಿ ಕೇಟಿ ಪೆರಿಯ ‘ಪಾರ್ಟ್ ಆಫ್ ಮಿ’ (2012) ಚಿತ್ರದಲ್ಲಿ ಒಂದು ದೃಶ್ಯವಿದೆ. ಬ್ರೆಜಿಲ್‌ನಲ್ಲಿ ಕಾರ್ಯಕ್ರಮ. ಗಂಡನ ಜೊತೆಗಿನ ಸಂಸಾರ ಮುರಿದು ಬೀಳುತ್ತಿದೆ. ಆಕೆ ವೇದಿಕೆಯ ಹಿಂದೆ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಆಮೇಲೆ ಅವಳನ್ನು ಮೇಲೆತ್ತುವ ಲಿಫ್ಟಿನಲ್ಲಿ ನಿಂತು ಮುಖದ ಮೇಲೆ ನಗು ತಂದುಕೊಂಡು ಜನರೆದುರು ಏಳುತ್ತಾಳೆ. ಆ ಅಳು ನಟನೆಯಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಅದನ್ನು ಸಿನಿಮಾದ ಯಾವ ಜಾಗದಲ್ಲಿ ಇಡಬೇಕು, ಅದರ ಮುಂದೆ ಯಾವ ಹಾಡು ಬರಬೇಕು ಎಂಬುದು ಮಾತ್ರ ಎಡಿಟಿಂಗ್ ಕೋಣೆಯ ಲೆಕ್ಕಾಚಾರ. ಈ ಮಾತನ್ನು ನಮ್ಮ ಜಿಲ್ಲೆಯವರು ಬೇಗ ಹಿಡಿಯುತ್ತಾರೆ. 1973ರಿಂದ ರಾಮದೇವರ ಬೆಟ್ಟದ ಬುಡದಲ್ಲಿ ‘ಶೋಲೆ’ ಚಿತ್ರೀಕರಣ ನಡೆದಾಗ ಬಂಡೆ ನಿಜ, ಬಿಸಿಲು ನಿಜ, ಧೂಳು ನಿಜ. ಸಿನಿಮಾ ಬಂದಾಗ ಆ ಊರು ರಾಮನಗರವಾಗಿ ಉಳಿಯಲಿಲ್ಲ, ರಾಮಗಢವಾಯಿತು.

ಟೇಲರ್ ಸ್ವಿಫ್ಟ್‌ಳ ‘ಎರಾಸ್ ಟೂರ್’ ಸಿನಿಮಾ (2023) ಜಗತ್ತಿನಾದ್ಯಂತ 26 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಅದು ಕಾರ್ಯಕ್ರಮದ ಚಿತ್ರೀಕರಣ, ಒಳಗಿನ ಬದುಕು ತೋರಿಸುತ್ತೇನೆಂದು ಮಾತು ಕೊಟ್ಟದ್ದೇ ಇಲ್ಲ. ತಕರಾರು ಇರುವುದು ‘ತೆರೆಮರೆಯ ಸತ್ಯ’ ಎಂದು ಹೇಳಿಕೊಂಡು ಬರುವವುಗಳ ಮೇಲೆ. ‘ಒನ್ ಡೈರೆಕ್ಷನ್’ ಎಂಬ ಇಂಗ್ಲಿಷ್-ಐರಿಷ್ ಹುಡುಗರ ತಂಡದ ಮೇಲೆ 2013ರಲ್ಲಿ ಬಂದ ‘ದಿಸ್ ಈಸ್ ಅಸ್’ ತುಂಬ ನಗು, ಕೀಟಲೆ, ಅಮ್ಮಂದಿರ ಪ್ರೀತಿ. 2015ರ ಮಾರ್ಚಿನಲ್ಲಿ ಝೈನ್ ಮಲಿಕ್ ತಂಡ ಬಿಟ್ಟ. ಆ ನಗುವಿನ ನಡುವೆ ಅವನೊಬ್ಬನ ಮನಸ್ಸು ಎಲ್ಲಿತ್ತು ಎಂದು ಈಗ ಆ ಸಿನಿಮಾವನ್ನು ಮತ್ತೆ ನೋಡಿ ಹುಡುಕಬೇಕು.

ಪಾಟೀಸವಾಲು ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಬರುತ್ತದೆ. ಮಾರ್ಟಿನ್ ಸ್ಕಾರ್ಸೆಸಿ ತೆಗೆದ ‘ದಿ ಲಾಸ್ಟ್ ವಾಲ್ಟ್ಸ್’ (1978) ಸಂಗೀತ ಚಿತ್ರಗಳಲ್ಲೇ ಶ್ರೇಷ್ಠ ಎನ್ನುವವರು ಬಹಳ ಮಂದಿ. ‘ದಿ ಬ್ಯಾಂಡ್’ ಎಂಬ ತಂಡ 1976ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊಟ್ಟ ಬೀಳ್ಕೊಡುಗೆಯ ಕಾರ್ಯಕ್ರಮ ಅದು. ನನಗೂ ಬಹಳ ಹಿಡಿಸಿತು. ಆ ತಂಡದ ಡ್ರಮ್ಮರ್ ಲೆವನ್ ಹೆಲ್ಮ್ 1993ರಲ್ಲಿ ಆತ್ಮಕಥೆ ಬರೆದು, ಚಿತ್ರ ಗಿಟಾರಿಸ್ಟ್ ರಾಬಿ ರಾಬರ್ಟ್‌ಸನ್‌ನನ್ನೇ ನಾಯಕನನ್ನಾಗಿ ಮಾಡಿ ಉಳಿದವರನ್ನು ಬದಿಗೆ ಸರಿಸಿತು ಎಂದು ದೂರಿದ. ರಾಬರ್ಟ್‌ಸನ್ ಆ ಚಿತ್ರದ ನಿರ್ಮಾಪಕನೂ ಆಗಿದ್ದ. ಇದನ್ನು ತಿಳಿದ ಮೇಲೆ ಮತ್ತೆ ಚಿತ್ರ ನೋಡಿದರೆ ಕ್ಯಾಮೆರಾ ಯಾರ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಣ್ಣು ತಾನಾಗಿ ಲೆಕ್ಕ ಇಡುತ್ತದೆ. ಮಡೋನಾಳ 1990ರ ಪ್ರವಾಸದ ಚಿತ್ರ ‘ಟ್ರೂತ್ ಆರ್ ಡೇರ್’ ಬಂದ ಮರುವರ್ಷ, ಅಂದರೆ 1992ರಲ್ಲಿ, ಅವಳ ಮೂವರು ನರ್ತಕರು ನಿಜವಾಗಿಯೇ ಕೋರ್ಟಿಗೆ ಹೋದರು. ತಮ್ಮ ಖಾಸಗಿ ಬದುಕನ್ನು ತೆರೆಯ ಮೇಲೆ ಹರವಿದ್ದು ಅವರ ದೂರು. ಮುಂದೆ ಅದು ರಾಜಿಯಲ್ಲಿ ಮುಗಿಯಿತು. ಗಾಯಕಿಯ ಮನಬಿಚ್ಚಿದ ಚಿತ್ರ ಎಂದು ಹೊಗಳಿಸಿಕೊಂಡದ್ದು ಅದು. ಮನಸ್ಸು ಬಿಚ್ಚಿಟ್ಟದ್ದಕ್ಕೆ ಬೆಲೆ ತೆತ್ತವರು ಹಿಂದೆ ಕುಣಿಯುತ್ತಿದ್ದವರು.

ಒಂದೇ ಸಾಕ್ಷ್ಯದಿಂದ ಎರಡು ತೀರ್ಪು ಬರಬಹುದು ಎಂಬುದಕ್ಕೆ ಬೀಟಲ್ಸ್ ತಂಡದ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. 1969ರ ಜನವರಿಯಲ್ಲಿ ಆ ನಾಲ್ವರು ಹಾಡು ಕಟ್ಟುವುದನ್ನು ಮೈಕಲ್ ಲಿಂಡ್ಸೆ ಹಾಗ್ ಚಿತ್ರೀಕರಿಸಿದ. 1970ರಲ್ಲಿ ‘ಲೆಟ್ ಇಟ್ ಬಿ’ ಹೆಸರಿನಲ್ಲಿ ಸುಮಾರು 80 ನಿಮಿಷದ ಚಿತ್ರ ಬಂತು. ಅಷ್ಟರಲ್ಲಿ ತಂಡ ಒಡೆದಿತ್ತು, ಹಾಗಾಗಿ ನೋಡಿದವರು ಅದನ್ನು ಮನೆ ಮುರಿಯುವ ಚಿತ್ರವೆಂದೇ ಓದಿಕೊಂಡರು. ಅರ್ಧ ಶತಮಾನದ ನಂತರ ಪೀಟರ್ ಜಾಕ್ಸನ್ ಅದೇ ಸುಮಾರು 60 ಗಂಟೆಯ ಚಿತ್ರಿಕೆಯನ್ನು ತೆಗೆದುಕೊಂಡು 2021ರಲ್ಲಿ ಎಂಟು ಗಂಟೆಗೆ ಹತ್ತಿರವಾದ ‘ಗೆಟ್ ಬ್ಯಾಕ್’ ಮಾಡಿದ. ಇದರಲ್ಲಿ ನಗುವಿದೆ, ತಮಾಷೆಯಿದೆ, ಟೀ ಟೋಸ್ಟು ಇದೆ. ಹಳೆಯ ಚಿತ್ರ ಬಿಟ್ಟಿದ್ದ ಒಂದು ಸಂಗತಿಯೂ ಇದೆ, ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟು ಎದ್ದುಹೋದದ್ದು. ಬದುಕಿರುವ ಇಬ್ಬರು ಸದಸ್ಯರೂ, ತೀರಿಕೊಂಡ ಇಬ್ಬರ ಪತ್ನಿಯರೂ ಈ ಹೊಸ ಚಿತ್ರದ ನಿರ್ಮಾಪಕರ ಸಾಲಿನಲ್ಲಿದ್ದಾರೆ. ಪ್ರಚಾರದ ಕೆಲಸವೂ ಹೌದು. ಆದರೂ ಎಂಟು ಗಂಟೆ ಎಂಬ ಉದ್ದವೇ ಅಲ್ಲಿ ಒಂದು ರೀತಿಯ ಪಾಟೀಸವಾಲು. ಅಷ್ಟು ಹೊತ್ತು ಯಾರೂ ಮುಖವಾಡ ಹಾಕಿಕೊಂಡು ಕೂರಲಾರರು. ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರ್ ಕೆರೆಯುತ್ತ, ಪದವಿಲ್ಲದೆ ಗುನುಗುತ್ತ, ಏನೂ ಇಲ್ಲದ ಕಡೆಯಿಂದ ‘ಗೆಟ್ ಬ್ಯಾಕ್’ ಹಾಡನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸುವುದು ಅದರಲ್ಲಿದೆ. ಪಕ್ಕದಲ್ಲಿ ಒಬ್ಬ ಆಕಳಿಸುತ್ತಿದ್ದಾನೆ. ಹಾಡು ಹುಟ್ಟುವುದು ಹೀಗೆ ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ತಮ್ಮದೇ ಕಡೆಯವರ ವಿರುದ್ಧ ನುಡಿದ ಸಾಕ್ಷಿಯೂ ಉಂಟು. ರೋಲಿಂಗ್ ಸ್ಟೋನ್ಸ್ ತಂಡದ ಪ್ರವಾಸವನ್ನು ತೆಗೆಯಲು ಮೇಸಲ್ಸ್ ಸೋದರರು ಹೋದರು. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಹಾಡು ನಡೆಯುತ್ತಿರುವಾಗಲೇ ವೇದಿಕೆಯ ಮುಂದೆ ಮೆರಿಡಿತ್ ಹಂಟರ್ ಎಂಬ ಹದಿನೆಂಟರ ಯುವಕನ ಕೊಲೆಯಾಯಿತು. ‘ಗಿಮ್ಮಿ ಶೆಲ್ಟರ್’ ಚಿತ್ರ ಅದನ್ನು ಮುಚ್ಚಿಡಲಿಲ್ಲ. ಹಾಡುಗಾರ ಮಿಕ್ ಜಾಗರ್‌ನನ್ನು ಎಡಿಟಿಂಗ್ ಮೇಜಿನ ಮುಂದೆ ಕೂರಿಸಿ ಆ ತುಣುಕನ್ನು ತೋರಿಸಿ, ಅವನ ಮುಖವನ್ನೂ ಚಿತ್ರದಲ್ಲಿಟ್ಟರು. ಅವನು ಹೆಚ್ಚೇನೂ ಹೇಳುವುದಿಲ್ಲ. ಎದ್ದು ಹೋಗುತ್ತಾನೆ. ಅರ್ಧ ಶತಮಾನಕ್ಕೂ ಹಿಂದಿನ ಆ ಮುಖ ನನ್ನನ್ನು ಈಗಲೂ ಬಿಟ್ಟಿಲ್ಲ.

ನಮ್ಮ ಭಾಷೆಗೆ ಬರೋಣ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಾಯಕ ಸಿ. ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷದಷ್ಟು ಜನ ಸೇರಿದ್ದರು. ಸಿನಿಮಾ ಹಾಡಿಲ್ಲದೆ, ಬರೀ ಕವಿಗಳ ಸಾಲುಗಳಿಗೆ ಅಷ್ಟು ಜನ! ಅದರ ವಿಡಿಯೊ ತುಣುಕುಗಳು ಇವತ್ತಿಗೂ ಮನೆಮನೆಯಲ್ಲಿ ಓಡುತ್ತವೆ. ಅಶ್ವತ್ಥ್ ಕೈಯೆತ್ತಿ ಕೋರಸ್ಸನ್ನು ಎಬ್ಬಿಸುವುದನ್ನು ನೋಡಿದಾಗ ಈಗಲೂ ಮೈ ನವಿರೇಳುತ್ತದೆ. ಆದರೆ ಆ ತುಣುಕುಗಳು ತೋರಿಸುವುದು ವೇದಿಕೆಯನ್ನು. ನನಗೆ ಬೇಕಾಗಿರುವುದು ಅದರ ಹಿಂದಿನ ದಿನಗಳು. ಅಷ್ಟು ಜನರ ಗಾಯನವೃಂದವನ್ನು ಒಂದೇ ಉಸಿರಿಗೆ ತರಲು ಎಷ್ಟು ದಿನ ಅಭ್ಯಾಸ ನಡೆಯಿತು, ಯಾವ ಸಾಲಿನಲ್ಲಿ ಎಡವಿದರು, ಯಾರ ಗಂಟಲು ಕೈಕೊಟ್ಟಿತು? 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅಶ್ವತ್ಥ್ ಹೋಗಿಬಿಟ್ಟರು. ಈಗ ಆ ಕೋಣೆಗೆ ಕ್ಯಾಮೆರಾ ಒಯ್ಯಲು ಆಗುವುದಿಲ್ಲ.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಂಗೀತದ ಚಿತ್ರವಲ್ಲ, ಆದರೂ ಈ ಮಾತಿಗೆ ಅದು ಬೇಕು. 2022ರ ಅಕ್ಟೋಬರ್ 28ರಂದು, ಅವರು ತೀರಿಕೊಂಡು ವರ್ಷ ತುಂಬುವ ಹಿಂದಿನ ದಿನ, ಅದು ತೆರೆಗೆ ಬಂತು. ಅವರದೇ ಪಿಆರ್‌ಕೆ ಸಂಸ್ಥೆಯ ನಿರ್ಮಾಣ. ನಿರ್ದೇಶಕ ಅಮೋಘವರ್ಷ ಅವರೊಡನೆ ಕಾಡು ಸುತ್ತುವ ಪುನೀತ್ ಅಲ್ಲಿ ನಾಯಕನ ಗತ್ತು ಬಿಟ್ಟು ಸುಮ್ಮನೆ ಒಬ್ಬ ಮನುಷ್ಯನಾಗಿ ಕಾಣುತ್ತಾರೆ. ಮನೆಯವರದೇ ದುಡ್ಡು ಎಂಬ ಕಾರಣಕ್ಕೆ ಅದನ್ನು ಜಾಹೀರಾತು ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ದುಡ್ಡು ಯಾರದು ಎಂಬುದು ಮೊದಲ ಪ್ರಶ್ನೆ. ಅದೊಂದೇ ಪ್ರಶ್ನೆಯಲ್ಲ.

ಮಾರುವ ಉದ್ದೇಶವಿಲ್ಲದ ದಾಖಲೆಯೂ ಉಂಟು. ರಾಮನಗರದ ಹೆದ್ದಾರಿ ಪಕ್ಕದ ಜಾನಪದ ಲೋಕಕ್ಕೆ ತಮ್ಮನ ಮಗಳನ್ನು ಒಂದು ಭಾನುವಾರ ಕರೆದುಕೊಂಡು ಹೋದೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಜಾನಪದ ಪರಿಷತ್ತಿಗೆ ಅಡಿಪಾಯ ಹಾಕಿ, 1994ರಲ್ಲಿ 15 ಎಕರೆಯ ಈ ಲೋಕವನ್ನು ತೆರೆದರು. ಪದ ಹೇಳುವವರನ್ನು, ಕುಣಿಯುವವರನ್ನು ಕೂರಿಸಿ ನಿಲ್ಲಿಸಿ ಧ್ವನಿಯಲ್ಲೂ ವಿಡಿಯೊದಲ್ಲೂ ಹಿಡಿದಿಟ್ಟರು. ಮಾರುವುದಕ್ಕೆಂದು ಮಾಡಿದ ಕೆಲಸವಲ್ಲ, ಮರೆಯಾಗಿ ಹೋಗುತ್ತದಲ್ಲ ಎಂಬ ಸಂಕಟಕ್ಕೆ ಮಾಡಿದ್ದು. ಇಂಥ ದಾಖಲಾತಿಯಲ್ಲಿ ಕ್ಯಾಮೆರಾ ಒಂದು ಕಡೆ ನಿಂತರೆ ನಿಂತಿತು. ಅಜ್ಜಿ ಕೆಮ್ಮಿದರೆ ಕೆಮ್ಮು, ಸಾಲು ಮರೆತರೆ ಮರೆತದ್ದೂ ಉಳಿಯುತ್ತದೆ. ನನ್ನ ಪಾಲಿಗೆ ಇದು ಬಹಳ ಪ್ರಾಮಾಣಿಕ ಬಗೆ. ಇದಕ್ಕೂ ಪಾಟೀಸವಾಲು ಇದೆ ಎಂಬುದನ್ನು ಮರೆಯಬಾರದು. ಜನಪದವನ್ನು ದಾಖಲಿಸಲು ಹೋದವರು ಎಷ್ಟೋ ಕಡೆ ‘ಸಿನಿಮಾ ಹಾಡು ಬೇಡಜ್ಜಿ, ಹಳೇದು ಹೇಳು’ ಎನ್ನುತ್ತಾರೆ. ಆ ಅಜ್ಜಿಗೆ ಎರಡೂ ಬರುತ್ತಿತ್ತು, ಎರಡೂ ಅವಳದೇ. ಒಂದನ್ನು ಬಿಟ್ಟಾಗ ಅವಳ ಅರ್ಧ ಬದುಕು ಹೊರಗುಳಿಯಿತು.

ಆ ಇನ್ನರ್ಧ ಇವತ್ತು ಎಲ್ಲಿದೆ ಎಂದರೆ, ರಸಮಂಜರಿಯಲ್ಲಿದೆ. ನಮ್ಮ ಕಡೆಯ ಪಾಪ್ ಕಾರ್ಯಕ್ರಮ ಅದೇ. ಮಾಗಡಿ, ಕನಕಪುರ, ಚನ್ನಪಟ್ಟಣದ ಯಾವ ಊರಹಬ್ಬವೂ ಪೂಜಾ ಕುಣಿತ ಮುಗಿದ ಮೇಲೆ ಆರ್ಕೆಸ್ಟ್ರಾ ಇಲ್ಲದೆ ಪೂರ್ತಿಯಾಗುವುದಿಲ್ಲ. ಮರುದಿನ ಯೂಟ್ಯೂಬಿನಲ್ಲಿ ಬರುವುದು ಡ್ರೋನಿನಲ್ಲಿ ತೆಗೆದ ಜನಸಾಗರ, ಬಣ್ಣದ ಲೈಟು, ಕುಣಿಯುವ ಹುಡುಗರು. ಹೋದ ವರ್ಷ ಒಂದು ಹಬ್ಬದಲ್ಲಿ ತಮ್ಮನ ಮಗಳೂ ನಾನೂ ವೇದಿಕೆಯ ಹಿಂದೆ ಕೂತಿದ್ದೆವು. ಊರು, ತಂಡ ಯಾವುದೂ ಇಲ್ಲಿ ಬೇಡ. ಜನರೇಟರಿನ ಸದ್ದು ಎಷ್ಟಿತ್ತೆಂದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಕೀಬೋರ್ಡ್ ನುಡಿಸುವವನು ಎರಡು ಹಾಡಿನ ನಡುವೆ ಓಡಿಬಂದು ಅಡಿಕೆ ತಟ್ಟೆಯಲ್ಲಿ ಅನ್ನ ಸಾರು ನಿಂತೇ ಉಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹತ್ತಿದ. ಗಾಯಕಿಗೆ ಗಂಟಲು ಕಟ್ಟಿತ್ತು. ಫ್ಲಾಸ್ಕಿನ ಬಿಸಿನೀರನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಮುಂದಿನಿಂದ ಚೀಟಿಗಳು ಬರುತ್ತಿದ್ದವು, ಈ ಹಾಡು, ಆ ಹಾಡು, ಒನ್ಸ್ ಮೋರ್. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಬೇಕು. ಒಂಬತ್ತೂ ಐವತ್ತಕ್ಕೆ ಆಕೆ ಕಟ್ಟಿದ ಗಂಟಲಲ್ಲೇ ತಾರಕಕ್ಕೆ ಏರಿದಾಗ ಬೆನ್ನಿನ ನರ ಬಿಗಿಯುವುದು ಹಿಂದಿನಿಂದ ನಮಗೆ ಕಾಣುತ್ತಿತ್ತು. ಮುಂದಿನ ಸಾವಿರ ಜನಕ್ಕೆ ಕಂಡದ್ದು ನಗುಮುಖ.

ಇಂಥವರಿಗೆ ಕಾನೂನಿನಲ್ಲಿ ಒಂದು ಹಕ್ಕಿದೆ, ಬಹಳ ಮಂದಿಗೆ ಗೊತ್ತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. ಸಿನಿಮಾದಲ್ಲಿ ಸೇರಿಸಲು ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ತಡೆಯಲು ಬರುವುದಿಲ್ಲ, ನಿಜ. ಆದರೂ 2012ರ ತಿದ್ದುಪಡಿಯ ಪ್ರಕಾರ ಅದನ್ನು ವಾಣಿಜ್ಯಕ್ಕೆ ಬಳಸಿದರೆ ರಾಯಲ್ಟಿ ಕೇಳಬಹುದು. ಹಬ್ಬದ ವಿಡಿಯೊ ತೆಗೆಯುವವರು ಅಂಥ ಒಪ್ಪಿಗೆಯ ಕಾಗದ ತೋರಿಸಿದ್ದನ್ನು ನಾನು ಕಂಡಿಲ್ಲ.

ಆ ರಾತ್ರಿ ಸ್ಪೀಕರ್ ಬಿಚ್ಚುವಾಗ ತಮ್ಮನ ಮಗಳು ಗಾಯಕಿಯ ಪಕ್ಕ ಕೂತು ಫೋನ್ ಹಿಡಿದು ಮಾತಾಡಿಸಿದಳು. ಅರ್ಧ ಗಂಟೆ. ಹಾಡು ಕಲಿತದ್ದು, ಮಗನ ಶಾಲೆ, ಬಸ್ಸಿಲ್ಲದ ರಾತ್ರಿಗಳು. ನಡುವೆ ಹಿಂದಿನ ವರ್ಷ ಒಂದು ಕಡೆ ಬಾಕಿ ಉಳಿದ ದುಡ್ಡಿನ ಮಾತೂ ಬಂತು. ಮುಗಿದ ಮೇಲೆ ಇವಳು ಕೇಳಿದಳು, “ಇದನ್ನ ಹಾಕ್ಲಾ ಅಕ್ಕ?”

“ಮೊದ್ಲು ನಂಗೆ ತೋರ್ಸು ಮಗಾ.”

ಇಬ್ಬರೂ ತಲೆಗೆ ತಲೆ ತಾಗಿಸಿ ಫೋನ್ ನೋಡಿದರು. ಕೆಮ್ಮಿದ್ದು ಬಂದಾಗ ಆಕೆ ನಕ್ಕು, ಇರಲಿ ಬಿಡು ಅಂದರು. ಅತ್ತದ್ದಕ್ಕೂ ಇರಲಿ ಅಂದರು. ದುಡ್ಡಿನ ಮಾತು ಬಂದಾಗ ಬೆರಳಿಟ್ಟು ನಿಲ್ಲಿಸಿದರು. “ಇದನ್ನ ತೆಗ್ದುಬಿಡು. ಮುಂದಿನ್ ಸಲ ಕರೆಯಲ್ಲ.”

ತಮ್ಮನ ಮಗಳು ನನ್ನ ಮುಖ ನೋಡಿದಳು. ಕಂಪನಿಯ ಕತ್ತರಿಯ ಬಗ್ಗೆ ಅವಳಿಗೆ ಅಷ್ಟೆಲ್ಲ ಹೇಳಿದ್ದ ನಾನು ತೆಗಿ ಅಂತ ತಲೆಯಾಡಿಸಿದೆ. ಅವಳು ತೆಗೆದಳು. ನಲವತ್ತು ಸೆಕೆಂಡಿನ ತುಣುಕು. ಉಳಿದದ್ದನ್ನು ಯೂಟ್ಯೂಬಿಗೆ ಹಾಕಿದ್ದಾಳೆ, ಕೆಳಗೆ ಒಂದು ಸಾಲು ಬರೆದಿದ್ದಾಳೆ: ಈ ವಿಡಿಯೊದಲ್ಲಿ ಒಂದು ಭಾಗವನ್ನು ಹಾಡಿದವರು ಕೇಳಿದ್ದಕ್ಕೆ ತೆಗೆಯಲಾಗಿದೆ.